“ಇದು ನಾನಲ್ಲ ತಮಾ”: ಒಂದು ಫೋಟೋ ಎರಡು ಸಲ ತೆಗೆದ ಪ್ರಕರಣ

ಮೇ 31ಕ್ಕೆ ನನ್ನ ನಾಲ್ಕನೇ ಇಯತ್ತೆಯ ಅಕ್ಕೋರು ನಿವೃತ್ತರಾದರು. ದಾಖಲೆಯ ಪ್ರಕಾರ ಅವರು ಹುಟ್ಟಿದ್ದು ಜೂನ್ 1. ತಿಂಗಳ ಒಂದನೇ ತಾರೀಕಿಗೆ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಹೋಗಬೇಕು. ನಮ್ಮ ಕಡೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಕು ನೆನಪಿಲ್ಲದಿದ್ದರೆ ಮಾಸ್ತರು ಬರೆದುಬಿಡುತ್ತಿದ್ದದ್ದು ಅದನ್ನೇ. ನನ್ನದೂ ಅದೇ ತಾರೀಕು. ಬರೆದವರು ಇದೇ ಅಕ್ಕೋರು.

ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಜೂನ್ ಮೂರನೇ ಭಾನುವಾರ ಬೀಳ್ಕೊಡುಗೆ ಇಟ್ಟುಕೊಂಡರು. ಎರಡು ಫೋಟೋ ಬೇಕಿತ್ತು. ವೇದಿಕೆಯ ಹಿಂದೆ ಕಟ್ಟುವ ಫ್ಲೆಕ್ಸಿಗೆ ಒಂದು, ಕಟ್ಟು ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಲು 16×20 ಇಂಚಿನದೊಂದು. ನಮ್ಮ ಬ್ಯಾಚಿನಲ್ಲಿ ಶಿರಸಿಯಲ್ಲಿ ಸ್ಟುಡಿಯೊ ಇಟ್ಟವನು ನಾನೊಬ್ಬನೇ. ಕೆಲಸ ನನ್ನ ತಲೆಗೆ ಬಂತು. ದುಡ್ಡು ತೆಗೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ; ಬಹುಶಃ ಅದಕ್ಕೇ ಮೊದಲ ಸಲ ಅಷ್ಟೊಂದು ಅವಸರ ಮಾಡಿದೆ.

“ನಾನು ಫೋಟೋದಲ್ಲಿ ಚೆನ್ನಾಗಿ ಬರೋದೇ ಇಲ್ಲ” ಎಂದು ದಿನಕ್ಕೆ ಇಬ್ಬರಾದರೂ ನನ್ನ ಸ್ಟೂಲಿನ ಮೇಲೆ ಕೂತು ಹೇಳುತ್ತಾರೆ. ಹದಿನಾರು ವರ್ಷ ನಾನು ಅದನ್ನು ಅವರವರ ಮುಖದ ಸಮಾಚಾರ ಎಂದೇ ತಿಳಿದಿದ್ದೆ. ಈ ಪ್ರಕರಣದ ನಂತರ, ಮುಕ್ಕಾಲು ಪಾಲು ಅದು ಕ್ಯಾಮೆರಾ ಹಿಡಿದವನ ಬಾಯಿಂದ ಅಂಟುವ ಕಾಯಿಲೆ ಅನ್ನಿಸಿದೆ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಇದನ್ನು ಬರೆಯಲು ಅಕ್ಕೋರು ಒಪ್ಪಿದ್ದಾರೆ.

ಏಳು ನಿಮಿಷ, 42 ಫ್ರೇಮು

ಮೇ ಕೊನೆಯ ಶನಿವಾರ, ಸಂಜೆ ನಾಲ್ಕರ ಹೊತ್ತು. ಮುಂದಿನ ಕೋಣೆಯಲ್ಲಿ ಕಾಲೇಜು ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾದ ಹುಡುಗರ ಸಾಲು. ಅಕ್ಕೋರು ಮಗಳ ಜೊತೆ ಬಂದರು. ಸಮಾರಂಭಕ್ಕೆಂದೇ ತಂದ ಹೊಸ ರೇಷ್ಮೆ ಸೀರೆ, ಮಡಿಕೆಯೂ ಬಿಚ್ಚಿಕೊಂಡಿರಲಿಲ್ಲ. ಸೆರಗಿಗೆ ಮೂರು ಪಿನ್ನು. ಮುಡಿಯಲ್ಲಿ ಅಬ್ಬಲಿಗೆ ದಂಡೆ. ಮುಖಕ್ಕೆ ಪೌಡರು. ಮೂವತ್ತೆರಡು ವರ್ಷ ಕಾಟನ್ ಸೀರೆಯಲ್ಲಿ ಬೋರ್ಡಿನ ಮುಂದೆ ನಿಂತ ಹೆಂಗಸು ಆ ಸೀರೆಯೊಳಗೆ ಅತಿಥಿಯ ಹಾಗೆ ಕಾಣುತ್ತಿದ್ದರು. ನೋಡಿದೆ, ಆದರೆ ನನಗೆ ಹೊಳೆಯಲಿಲ್ಲ.

ಕಪ್ಪು ಪರದೆ ಎಳೆದೆ. ಸ್ಟೂಲಿನ ಮೇಲೆ ಕೂರಿಸಿದೆ. ಕನ್ನಡಕದಲ್ಲಿ ಫ್ಲ್ಯಾಶಿನ ಹೊಳಪು ಬರುತ್ತದೆಂದು ಅದನ್ನು ತೆಗೆಸಿದೆ. ಆಮೇಲೆ ಬಾಯಿ ಶುರುವಾಯಿತು. “ಅಕ್ಕೋರೆ, ಬೆನ್ನು ನೆಟ್ಟಗೆ. ಗಲ್ಲ ಸ್ವಲ್ಪ ಕೆಳಗೆ. ಅಷ್ಟಲ್ಲ, ಮೇಲೆ. ಇತ್ತ ನೋಡಿ. ಭುಜ ಸಡಿಲ ಬಿಡಿ. ಸ್ವಲ್ಪ ನಗಿ. ಹಲ್ಲು ಕಾಣಲಿ. ರೆಡಿ, ಒನ್, ಟೂ…” ಒಂದೇ ಉಸಿರಿಗೆ ಎಂಟು ಆಜ್ಞೆ. ಅಷ್ಟನ್ನೂ ಒಟ್ಟಿಗೆ ಪಾಲಿಸಲು ಹೊರಟ ಮನುಷ್ಯ ಭುಜ ಸಡಿಲ ಬಿಡುವುದಾದರೂ ಹೇಗೆ?

ಕಂಪ್ಯೂಟರಿಗೆ ಹಾಕಿ ನೋಡಿದರೆ 42ರಲ್ಲಿ 13 ಫ್ರೇಮು ಕಣ್ಣು ಮುಚ್ಚಿದ್ದು. ಉಳಿದವುಗಳಲ್ಲಿ, ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಇರುತ್ತಿತ್ತಲ್ಲ, ಆ ಮುಖ. ಅಕ್ಕೋರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು ಒಂದೊಂದನ್ನೇ ನೋಡಿದರು, ನೋಟ್‌ಬುಕ್ ತಿದ್ದುವಾಗಿನ ಗಮನದಲ್ಲಿ.

“ಇದು ನಾನಲ್ಲ ತಮಾ.”

“ಎಡಿಟ್ ಮಾಡಿ ಸರಿ ಮಾಡ್ತೇನೆ ಅಕ್ಕೋರೆ” ಅಂದೆ.

“ಕೂಡಿಸುವಾಗ ತಪ್ಪಿದ್ರೆ ಕೆಂಪು ಶಾಯಿಯಲ್ಲಿ ತಿದ್ದಬಹುದು. ನೀನು ಬೇರೆಯೇ ಲೆಕ್ಕ ಮಾಡಿಟ್ಟಿದ್ದೀಯಲ್ಲ. ಬಿಡು, ನಿನ್ನ ತಪ್ಪಲ್ಲ. ನನ್ನ ಮುಖ ಯಾವ ಫೋಟೋದಲ್ಲೂ ಸರಿ ಬಂದದ್ದಿಲ್ಲ.”

ಆ ಕೊನೆಯ ಮಾತು ಚುಚ್ಚಿತು. ಮನೆಯಲ್ಲಿರುವ ಹಳೇ ಫೋಟೋ ಎಷ್ಟಿದ್ದರೂ ಕಳಿಸಿ ಎಂದು ಮಗಳ ಹತ್ತಿರ ಹೇಳಿದೆ.

ಚೀಲದಲ್ಲಿ ಸಿಕ್ಕಿದ್ದು

ಮರುದಿನ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಬಂತು, ಅಕ್ಕೋರ ಇಡೀ ಛಾಯಾಚಿತ್ರ ಚರಿತ್ರೆ. ಶಾಲೆಯ 29 ಗುಂಪು ಫೋಟೋ, ಮದುವೆಯದು ಎರಡು, ಗುರುತಿನ ಚೀಟಿಗೆಂದು ತೆಗೆಸಿ ಉಳಿದವು, ತಮ್ಮನ ಮಗಳ ಜೊತೆಗಿನ ಒಂದು ಸೆಲ್ಫಿಯ ಪ್ರಿಂಟು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಲ್ಲವನ್ನೂ ಮೇಜಿನ ಮೇಲೆ ಹರವಿಕೊಂಡು ಕೂತೆ.

ಗುಂಪು ಫೋಟೋಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದಾಗ ಮೈ ಜುಮ್ಮೆಂದಿತು. ಮೊದಲ ಸಾಲಿನ ನಡುವೆ ಕುರ್ಚಿ, ಎರಡು ಅಂಗೈ ಎರಡು ಮೊಣಕಾಲ ಮೇಲೆ, ಭುಜ ಕಿವಿಯ ಕಡೆ ಎತ್ತಿದ್ದು, ಎದೆ ಉಬ್ಬಿ ನಿಂತದ್ದು. ಇಪ್ಪತ್ತೊಂಬತ್ತು ವರ್ಷವೂ ಅದೇ. ಕೂದಲು ಬೆಳ್ಳಗಾಗುತ್ತ ಹೋಗಿದೆ, ಕೂತ ಭಂಗಿ ಒಂದು ಎಳೆಯೂ ಬದಲಾಗಿಲ್ಲ. ಉಸಿರು ಬಿಗಿಹಿಡಿದ ಮೈ ಅದು. ಉಸಿರು ಒಳಗೆಳೆದು ತಡೆದರೆ ಭುಜ ಮೇಲೇರುತ್ತದೆ, ಕತ್ತು ಗಿಡ್ಡವಾಗುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. 29ರಲ್ಲಿ 11ರಲ್ಲಿ ಕಣ್ಣು ಮುಚ್ಚಿತ್ತು.

ಹನ್ನೊಂದು ಅನ್ನುವುದು ಆಕಸ್ಮಿಕಕ್ಕೆ ತುಂಬ ಜಾಸ್ತಿ. ಮನುಷ್ಯ ನಿಮಿಷಕ್ಕೆ ಹದಿನೈದರಿಂದ ಇಪ್ಪತ್ತು ಸಲ ರೆಪ್ಪೆ ಬಡಿಯುತ್ತಾನೆ, ಒಂದೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದವರೆಗೆ ಹಿಡಿಯುತ್ತದೆ. ಲೆಕ್ಕ ಹಾಕಿದರೆ ನಿಮಿಷದಲ್ಲಿ ಹೆಚ್ಚುಕಡಿಮೆ ಮೂರ್ನಾಲ್ಕು ಸೆಕೆಂಡು ಕಣ್ಣು ಮುಚ್ಚಿರುತ್ತದೆ. ಕ್ಯಾಮೆರಾ ಹಿಡಿದವನು ನೋಡದೆ ಸುಮ್ಮನೆ ಕ್ಲಿಕ್ಕಿಸಿದರೂ ಇಪ್ಪತ್ತರಲ್ಲಿ ಒಂದೋ ಎರಡೋ ಕೆಡಬೇಕು ಅಷ್ಟೆ. (ಗುಂಪು ಫೋಟೋದವರಿಗೆ ಒಂದು ಉಪಯೋಗದ ಮಾತು: ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯ ಇಬ್ಬರು ಇದನ್ನೇ ಲೆಕ್ಕ ಹಾಕಿ 2006ರ ಇಗ್ ನೊಬೆಲ್ ಪಡೆದರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ತಲೆಗಳ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಮ್ಮಿಯಿದ್ದರೆ ಎರಡರಿಂದ. ಅಷ್ಟು ಸಲ ಕ್ಲಿಕ್ಕಿಸಿದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುವುದು ಬಹುತೇಕ ಖಾತ್ರಿ.) ಹಾಗಾದರೆ ಅಕ್ಕೋರ ಕಣ್ಣು ಸರಿಯಾಗಿ ಆ ಗಳಿಗೆಗೇ ಯಾಕೆ ಮುಚ್ಚುತ್ತದೆ?

ಆ ಫೋಟೋಗಳಲ್ಲಿ ಮೊದಮೊದಲ ನಾಲ್ಕು ನಮ್ಮಪ್ಪ ತೆಗೆದದ್ದು. ಹಿಂಬದಿಯಲ್ಲಿ ನಮ್ಮ ಸ್ಟುಡಿಯೊದ ಸೀಲಿದೆ. ಅಪ್ಪ ತೆಗೆಯುತ್ತಿದ್ದ ಬಗೆ ನನಗೆ ಗೊತ್ತು, ಆ ಸಾಲಿನಲ್ಲಿ ಚಡ್ಡಿ ಹಾಕಿಕೊಂಡು ನೆಲದ ಮೇಲೆ ಕೂತವರಲ್ಲಿ ನಾನೂ ಒಬ್ಬ. ಯಾಶಿಕಾ ಕ್ಯಾಮೆರಾ, 120 ರೋಲು. ರೋಲಿಗೆ ಹನ್ನೆರಡೇ ಫ್ರೇಮು. ಅಪ್ಪ ಬಹಳ ಕಾಲ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮನ್ನೇ ಹಾಕುತ್ತಿದ್ದರು. ಒಂದು ಶಾಲೆಗೆ ಎರಡೇ ಕ್ಲಿಕ್ಕು, ಮೂರನೆಯದು ನಷ್ಟದ ಬಾಬ್ತು. ಅದಕ್ಕೇ ಕೂಗುತ್ತಿದ್ದರು, “ಯಾರೂ ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ, ಇಲ್ಲೇ ನೋಡಿ… ರೆಡೀ…” ಆ ‘ರೆಡೀ’ಗೂ ಕ್ಲಿಕ್ಕಿಗೂ ನಡುವೆ ಮೂರು ನಾಲ್ಕು ಸೆಕೆಂಡು. ಅಷ್ಟು ಹೊತ್ತು ಕಣ್ಣು ಅಗಲ ಬಿಟ್ಟುಕೊಂಡಿದ್ದರೆ ಉರಿ ಹತ್ತಿ, ತಡೆದಿಟ್ಟ ರೆಪ್ಪೆ ಕ್ಲಿಕ್ಕಿನ ಹೊತ್ತಿಗೇ ಬೀಳುತ್ತದೆ. ನಿಧಾನದ ಫಿಲ್ಮಿಗೆ, ತುಟ್ಟಿಯ ರೋಲಿಗೆ ಹುಟ್ಟಿದ ಮಾತು ಅದು. ರೋಲು ಹೋಗಿ ಮೆಮೊರಿ ಕಾರ್ಡು ಬಂದು ಎಷ್ಟೋ ಕಾಲವಾಯಿತು. ಮಾತು ಮಾತ್ರ ಅಪ್ಪನ ಬಾಯಿಂದ ನನ್ನ ಬಾಯಿಗೆ ಬಂದು ಕೂತಿದೆ. ಅಕ್ಕೋರ ಮೈ ಮೂರು ದಶಕ ಅದನ್ನೇ ಕೇಳಿ ಕಲಿತಿದೆ. ನಾನು ‘ರೆಡಿ’ ಅಂದೆ. ಅವರು ಕಲಿತದ್ದನ್ನು ಒಪ್ಪಿಸಿದರು.

ನನ್ನ 13 ಫ್ರೇಮಿಗೆ ಇನ್ನೊಂದು ಕಾರಣವೂ ಇತ್ತು, ಅದು ಶುದ್ಧ ಯಂತ್ರದ್ದು. ಟಿಟಿಎಲ್‌ನಲ್ಲಿ, ಅಂದರೆ ಎಷ್ಟು ಬೆಳಕು ಬೇಕೆಂದು ತಾನೇ ಹೊಂದಿಸಿಕೊಳ್ಳುವ ಕ್ರಮದಲ್ಲಿ, ಇಟ್ಟ ಫ್ಲ್ಯಾಶು ಬೆಳಕು ಅಳೆಯಲಿಕ್ಕೆಂದು ಮುಖ್ಯ ಮಿಂಚಿಗೆ ಮೊದಲು ಒಂದು ಸಣ್ಣ ಮಿಂಚು ಬಿಡುತ್ತದೆ. ಹೆಚ್ಚಿನವರಿಗೆ ಎರಡೂ ಒಂದೇ ಎಂಬಂತೆ ಕಾಣುತ್ತದೆ. ಕೆಲವರ ರೆಪ್ಪೆ ಚುರುಕು, ಮೊದಲನೆಯದಕ್ಕೇ ಇಳಿಯತೊಡಗುತ್ತದೆ. ಫ್ಲ್ಯಾಶನ್ನು ಮ್ಯಾನುವಲ್‌ಗೆ ಹಾಕಿದರೆ ಆ ಸಣ್ಣ ಮಿಂಚೇ ಇಲ್ಲ. ಇಷ್ಟು ವರ್ಷ ಇದು ಗೊತ್ತಿದ್ದೂ, ಕಣ್ಣು ಮುಚ್ಚುವವರನ್ನು ಬೈದುಕೊಂಡೇ ಬಂದಿದ್ದೆ.

ಸೆಲ್ಫಿಯ ವಿಷಯ ಬೇಗ ಮುಗಿಸುತ್ತೇನೆ. ಅದರ ಹಿಂಬದಿ ಅಕ್ಕೋರ ಅಕ್ಷರದಲ್ಲಿ ‘ಮೂಗು!’ ಎಂದಿತ್ತು. ಕೈಯಳತೆಯಲ್ಲಿ ಹಿಡಿದ ಮೊಬೈಲಿಗೆ ಮೂಗು ಹತ್ತಿರ, ಕಿವಿ ದೂರ. ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐದು ಅಡಿಯಿಂದ ತೆಗೆದದ್ದಕ್ಕೆ ಹೋಲಿಸಿದರೆ ಹನ್ನೆರಡು ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ. ಮೂಗು ಸಣ್ಣದು ಮಾಡಿಸಲು ಸೆಲ್ಫಿ ಹಿಡಿದುಕೊಂಡು ಬರುವವರು ಹೆಚ್ಚಿದ್ದಾರೆಂದೇ ಅವರು ಆ ಲೆಕ್ಕಕ್ಕೆ ಕೈ ಹಾಕಿದ್ದು.

ಚೀಲದ ತಳದಲ್ಲಿ, ಎಲ್ಲದರ ಅಡಿಗೆ, ಮೂಲೆ ಮುರಿದ ಒಂದು ಬಣ್ಣದ ಫೋಟೋ ಇತ್ತು. ಕೆಳಗೆ ಕಿತ್ತಳೆ ಬಣ್ಣದಲ್ಲಿ ’98 ಎಂದು ಬಿದ್ದಿದೆ. ಕ್ರೀಡೆಯ ದಿನ. ಅಕ್ಕೋರು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಒಬ್ಬಳು ಹುಡುಗಿಯ ಜಡೆಗೆ ಟೇಪು ಕಟ್ಟುತ್ತಿದ್ದಾರೆ. ಪಿನ್ನೊಂದು ಅವರ ತುಟಿಯ ನಡುವೆ. ಯಾರೋ ಹೇಳಿದ್ದಕ್ಕೆ ಕಣ್ಣಿನಲ್ಲಿ ನಗುತ್ತಿದ್ದಾರೆ, ಪಿನ್ನು ಬೀಳಬಾರದೆಂದು ಬಾಯಿ ಮಾತ್ರ ಮುಚ್ಚಿದೆ. ಭುಜ ಇಳಿದಿದೆ, ಕತ್ತು ಉದ್ದವಾಗಿದೆ, ಆ ಮುಖವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ‘ಮುಖವೇ ಹಾಗೆ’ ಎಂಬ ಅಕ್ಕೋರ ವಾದ ಅಲ್ಲಿಗೆ ಬಿದ್ದುಹೋಯಿತು.

ಮಚ್ಚೆ ಮತ್ತು ಸೆರಗು

‘ಇದು ನಾನಲ್ಲ’ ಎಂಬ ಮಾತಿಗೆ ಇನ್ನೊಂದು ಬೇರು ಇರಬಹುದೆಂದು ಅನುಮಾನವಿತ್ತು. ಅಕ್ಕೋರ ಎಡ ಕೆನ್ನೆಯಲ್ಲಿ, ತುಟಿಯ ಹತ್ತಿರ, ಒಂದು ಮಚ್ಚೆಯಿದೆ. ಅರವತ್ತು ವರ್ಷ ಅವರು ಅದನ್ನು ನೋಡಿದ್ದು ಕನ್ನಡಿಯಲ್ಲಿ, ತಮ್ಮ ಎಡಕ್ಕೆ. ಫೋಟೋ ನೋಡುವಾಗ ಅದು ಬಲಕ್ಕೆ ಹೋಗಿ ಕೂತಿರುತ್ತದೆ. ಎಲ್ಲರ ಮುಖದ ಎರಡು ಪಾಲೂ ಸ್ವಲ್ಪ ಬೇರೆಬೇರೆ, ಹಾಗಾಗಿ ತಿರುವಿದ ಮುಖ ಪರಿಚಯವಿದ್ದೂ ಇಲ್ಲದವರಂತೆ ಕಾಣುತ್ತದೆ. 1977ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು: ಫೋಟೋದವರಿಗೆ ಕನ್ನಡಿಯಂತೆ ತಿರುವಿದ ಪ್ರತಿ ಇಷ್ಟವಾಗಿತ್ತು, ಅವರ ಗೆಳೆಯರಿಗೆ ಮಾಮೂಲಿ ಪ್ರತಿ.

ಅಕ್ಕೋರು ಚೀಲ ವಾಪಸು ತೆಗೆದುಕೊಳ್ಳಲು ಬಂದ ದಿನ, 42ರಲ್ಲಿ ಇದ್ದುದರಲ್ಲೇ ವಾಸಿಯಾದ ಒಂದನ್ನು ಎರಡು ಪ್ರಿಂಟು ಹಾಕಿ ಮುಂದಿಟ್ಟೆ. ಒಂದು ಇದ್ದ ಹಾಗೆ, ಒಂದು ತಿರುವಿದ್ದು. ಏನು ಮಾಡಿದ್ದೇನೆಂದು ಹೇಳಲಿಲ್ಲ. ಅಕ್ಕೋರು ತಡಮಾಡದೆ ತಿರುವಿದ್ದನ್ನು ಎತ್ತಿಕೊಂಡರು. “ಇದು ಪರವಾಗಿಲ್ಲ. ಇದರಲ್ಲಿ ಸ್ವಲ್ಪ ನನ್ನ ಹಾಗಿದ್ದೇನೆ.”

ಮಗಳು ಬಗ್ಗಿ ನೋಡಿ ನಕ್ಕುಬಿಟ್ಟಳು. “ಆಯಿ, ಸೆರಗು ಬಲಗಡೆ ಹೊದ್ದಿದ್ದೀಯಲ್ಲೇ!”

ಕನ್ನಡಿಯಲ್ಲಿ ಸೆರಗೂ ಹಾಗೆಯೇ ಕಾಣುತ್ತದಲ್ಲ, ಅಕ್ಕೋರಿಗೆ ಅದು ಗಮನಕ್ಕೇ ಬಂದಿರಲಿಲ್ಲ. ತಿರುವಿದ ಫೋಟೋ ಕೊಟ್ಟು ಕೈ ತೊಳೆದುಕೊಳ್ಳುವ ನನ್ನ ಆಸೆ ಆ ಸೆರಗಿನಲ್ಲೇ ಮುಗಿಯಿತು. ಆದರೆ ಒಂದು ಲಾಭವಾಯಿತು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಮಚ್ಚೆ ತೋರಿಸಿದ ಮೇಲೆ ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ನೀವೆಲ್ಲ ನೋಡೂದು ನಾನು ಒಂದು ಸಲವೂ ನೋಡದ ಮುಖ” ಅಂದರು. ನಾಲ್ಕನೇ ಇಯತ್ತೆಯ ವಿಜ್ಞಾನ ಪಾಠ ಅರ್ಥವಾದ ಮಕ್ಕಳ ದನಿಯಲ್ಲಿ. ತಾವು ಕೆಟ್ಟದಾಗಿ ಕಾಣುತ್ತೇವೆ ಎಂಬ ಅವರ ಹಠ ಅಲ್ಲಿಂದ ಸಡಿಲವಾಯಿತು. ಇನ್ನೊಮ್ಮೆ ಕೂರಲು ಒಪ್ಪಿದ್ದು ಈ ಎರಡು ಪ್ರಿಂಟಿನಿಂದ.

ಶಾಲೆಯ ಜಗಲಿ

ಎರಡನೇ ಸಲ ಸ್ಟುಡಿಯೊ ಬೇಡವೆಂದು ತೀರ್ಮಾನಿಸಿದೆ. ಜೂನ್ ಎರಡನೇ ಭಾನುವಾರ, ಶಾಲೆಯ ಬೀಗದ ಕೈ ಇಸಿದುಕೊಂಡು ಹೋದೆವು. ಸೀರೆ ಅವರು ಶಾಲೆಗೆ ಉಡುತ್ತಿದ್ದ ನೇರಳೆ ಬಣ್ಣದ ಕಾಟನ್. ಪೌಡರು ಬೇಡವೆಂದಿದ್ದೆ, ಫ್ಲ್ಯಾಶಿಗೆ ಅದು ಬೂದಿ ಬಳಿದ ಹಾಗೆ ಬೀಳುತ್ತದೆ, ಹಣೆಯ ಬೆವರು ಒರೆಸಲು ಒಂದು ಕರವಸ್ತ್ರ ಸಾಕು. ಕನ್ನಡಕ ಹಾಕಿಕೊಂಡೇ ಇರಬೇಕೆಂದೂ ಹೇಳಿದ್ದೆ. ಮೊದಲ ಸಲ ಅದನ್ನು ತೆಗೆಸಿದ್ದು ನಾನು ಮಾಡಿದ ದೊಡ್ಡ ಪ್ರಮಾದ. ಕನ್ನಡಕವಿಲ್ಲದೆ ಅವರಿಗೆ ನಾನೇ ಮಂಜು ಮಂಜು, ಅದಕ್ಕೇ ಹುಬ್ಬು ಗಂಟಿಕ್ಕಿದ್ದರು. ಮೇಲಾಗಿ ಅವರ ಯಾವ ವಿದ್ಯಾರ್ಥಿಯೂ ಆ ಮುಖವನ್ನು ಕನ್ನಡಕವಿಲ್ಲದೆ ನೋಡಿದವನಲ್ಲ. ಹೊಳಪು ತಪ್ಪಿಸಲು ಸುಲಭ ಉಪಾಯವಿದೆ: ಕಡ್ಡಿಯ ಹಿಂತುದಿಯನ್ನು ಕಿವಿಯಿಂದ ಒಂದು ನೂಲು ಮೇಲೆತ್ತಿದರೆ ಗಾಜು ಸ್ವಲ್ಪ ಕೆಳಕ್ಕೆ ಬಾಗುತ್ತದೆ, ಹೊಳಪು ನೆಲಕ್ಕೆ ಹೋಗುತ್ತದೆ, ನೋಡುವವರಿಗೆ ತಿಳಿಯುವುದೂ ಇಲ್ಲ.

ಮಳೆಗಾಲದ ಜಗಲಿಯಷ್ಟು ಒಳ್ಳೆಯ ಬೆಳಕು ಯಾವ ಸ್ಟುಡಿಯೊದಲ್ಲೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಮೋಡ ಕವಿದ ಇಡೀ ಆಕಾಶವೇ ಒಂದು ದೊಡ್ಡ ಬಿಳಿ ದೀಪ. ಹಂಚಿನ ಮಾಡು ಇಳಿಜಾರಾಗಿ ಕೆಳಗೆ ಬಂದದ್ದರಿಂದ ತಲೆಯ ಮೇಲಿಂದ ಬೆಳಕು ಬೀಳುವುದಿಲ್ಲ, ಹಾಗಾಗಿ ಕಣ್ಣಿನ ಕೆಳಗೆ ಗುಳಿ ಇಲ್ಲ. ಟ್ಯೂಬ್‌ಲೈಟಿನ ಅಡಿಗೆ ನಿಂತವರೆಲ್ಲ ಜ್ವರದಿಂದ ಎದ್ದವರಂತೆ ಕಾಣುವುದು ಆ ನೆತ್ತಿಯ ಬೆಳಕಿಗೆ. ಅಂಗಳದ ಕಡೆಯಿಂದ ಬಂದ ಬೆಳಕು ಒಂದು ಕೆನ್ನೆಗೆ, ಸುಣ್ಣದ ಗೋಡೆಗೆ ತಾಗಿ ಮರಳಿದ ಬೆಳಕು ಇನ್ನೊಂದಕ್ಕೆ. ಅವರ ಸ್ವಂತ ಕುರ್ಚಿಯನ್ನೇ ತಂದು, ಮೈ ಅಂಗಳದ ಕಡೆ ಸ್ವಲ್ಪ ವಾಲುವಂತೆ ಓರೆಯಾಗಿ ಇಟ್ಟೆ. ನಾನು ಎಂಟು ಅಡಿ ದೂರ, 85 ಎಂಎಂ ಲೆನ್ಸು. ಬೋರ್ಡಿನಿಂದ ಮೊದಲ ಸಾಲಿನ ಮಣೆಗೆ ಹೆಚ್ಚುಕಡಿಮೆ ಅಷ್ಟೇ ದೂರ.

ಇಷ್ಟೆಲ್ಲ ಏರ್ಪಾಡಾದ ಮೇಲೂ ಮೊದಲ ಇಪ್ಪತ್ತು ನಿಮಿಷ ಏನೂ ಸಿಗಲಿಲ್ಲ. ಕೈಗೆ ಕೆಲಸ ಕೊಟ್ಟರೆ ಮೈ ಸಡಿಲವಾಗುತ್ತದೆ ಎಂದು ಹಾಜರಿ ಪುಸ್ತಕ ಕೊಟ್ಟೆ. ಕೈ ಸರಿಹೋಯಿತು, ಮುಖ ಇನ್‌ಸ್ಪೆಕ್ಟರು ಬಂದಲ್ಲೇ ಇತ್ತು. ‘ಕಣ್ಣು ಮುಚ್ಚಿ, ಮೂರು ಅಂದಾಗ ತೆರೆಯಿರಿ’ ಎಂಬ ಹಳೇ ಉಪಾಯ ಮಾಡಿದೆ. ರೆಪ್ಪೆಯ ಸಮಸ್ಯೆ ಅಲ್ಲಿಗೆ ಮುಗಿಯಿತು, ಆದರೆ ತೆರೆದ ಕಣ್ಣು ಬೆಚ್ಚಿದ ಕಣ್ಣು. ಉಸಿರು ಪೂರ್ತಿ ಹೊರಗೆ ಬಿಡಿ ಅಂದಾಗ ಮಾತ್ರ ಭುಜ ಒಂದು ಇಂಚು ಇಳಿಯಿತು. ಇದು ಎಲ್ಲರಿಗೂ ಹೇಳಬಹುದಾದ ಉಪಾಯ. ನಿಮ್ಮ ಫೋಟೋ ತೆಗೆಯುವವರು ‘ರೆಡಿ’ ಅಂದ ಕೂಡಲೇ ಉಸಿರು ಹೊರಬಿಡಿ, ಕತ್ತು ತಾನಾಗಿ ಉದ್ದವಾಗುತ್ತದೆ.

ಆಮೇಲೆ ಮಳೆ ಹೊಡೆಯಿತು. ನಮ್ಮ ಕಡೆಯ ಮಳೆ ಹಂಚಿನ ಮೇಲೆ ಬೀಳತೊಡಗಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ನಾನು “ಗಲ್ಲ ಸ್ವಲ್ಪ…” ಎಂದು ಕೂಗಿದೆ. ಅಕ್ಕೋರು “ಎಂತ?” ಎಂದು ಕೈ ಆಡಿಸಿದರು. ಮತ್ತೆ ಕೂಗಿದೆ, ಮತ್ತೆ “ಎಂತ?” ಬೇಸತ್ತು ಸುಮ್ಮನಾದೆ. ಹದಿನಾರು ವರ್ಷದ ಕಸುಬಿನಲ್ಲಿ ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ನಾನು ಐದು ನಿಮಿಷ ಬಾಯಿ ಮುಚ್ಚಿದ್ದು ಅದೇ ಮೊದಲು.

ಅಕ್ಕೋರು ಅಂಗಳದಲ್ಲಿ ಹರಿಯುವ ನೀರು ನೋಡುತ್ತ ಕೂತರು. ಕಾಲು ಚಪ್ಪಲಿಯಿಂದ ಹೊರಬಂತು. ಅಂಗೈ ಮೊಣಕಾಲು ಬಿಟ್ಟು ಪುಸ್ತಕದ ಮೇಲೆ ಸಡಿಲವಾಗಿ ಬಿತ್ತು. ಮಳೆ ಸ್ವಲ್ಪ ಇಳಿದಾಗ ನನ್ನ ಕಡೆ ತಿರುಗಿ, “ನಿಮ್ಮ ಬ್ಯಾಚಿನಲ್ಲಿ ಎಷ್ಟು ಮಂದಿ ಇದ್ರಿ?” ಅಂದರು.

“ಮೂವತ್ತೊಂದು.”

ಪುಸ್ತಕ ತೆರೆಯದೇ ಹೆಸರು ಕರೆಯತೊಡಗಿದರು. ಹಾಜರಿಯ ಕ್ರಮದಲ್ಲಿ, ಅದೇ ರಾಗದಲ್ಲಿ. ಮೊದಲು ಹುಡುಗರು, ಆಮೇಲೆ ಹುಡುಗಿಯರು. ಒಂದೊಂದು ಹೆಸರಿಗೂ ಮುಖದಲ್ಲಿ ಒಂದೊಂದು ಬಂದು ಹೋಗುತ್ತಿತ್ತು. ಒಬ್ಬನಿಗೆ ಸಿಟ್ಟು, ಒಬ್ಬಳಿಗೆ ‘ಪಾಪ’ ಎಂಬಂಥದ್ದು, ಇಬ್ಬರಿಗೆ ತಡೆಯಲಾಗದ ನಗು. ನಾನು ಕ್ಲಿಕ್ಕಿಸುತ್ತ ಹೋದೆ, ‘ರೆಡಿ’ ಅನ್ನಲಿಲ್ಲ. ನನ್ನ ಹೆಸರು ಬಂತು. ಕ್ಯಾಮೆರಾದ ಹಿಂದಿನಿಂದ “ಹಾಜರ್ ಅಕ್ಕೋರೆ” ಅಂದೆ, ಒಂದು ಕ್ಷಣ ತಡವಾಗಿ. ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು. ಆ ನೋಟದ ಎದುರು ನಾನು ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದೇನೋ. ಅದು 88ನೇ ಫ್ರೇಮು.

ಮೂವತ್ತೊಂದರಲ್ಲಿ ಇಪ್ಪತ್ತೇಳು ಹೆಸರು ಸರಿಯಾಗಿ ಬಂದವು. ಬಿಟ್ಟುಹೋದ ನಾಲ್ವರಲ್ಲಿ ಒಬ್ಬ ಬೀಳ್ಕೊಡುಗೆ ಸಮಿತಿಯ ಖಜಾಂಚಿ. ಅವನಿಗೆ ಇದನ್ನು ಹೇಳಿಲ್ಲ.

88ನೇ ಫ್ರೇಮನ್ನು ದೊಡ್ಡದು ಮಾಡಿ ನೋಡಿದರೆ ಬಾಯಿ ನಗುತ್ತಿಲ್ಲ, ಕೆಳ ರೆಪ್ಪೆ ಮಾತ್ರ ಸ್ವಲ್ಪ ಮೇಲೆ ತಳ್ಳಿದೆ, ಕಣ್ಣಿನ ಹೊರತುದಿಯಲ್ಲಿ ಗೆರೆ ಬಿದ್ದಿದೆ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಇದನ್ನು ಗುರುತಿಸಿದ್ದ. ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ, ತುಟಿಯ ತುದಿ ಎತ್ತುವ ಸ್ನಾಯು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಏಳುತ್ತದೆ ಎಂದು ಫೋಟೋ ಸಮೇತ ಬರೆದ. ಎಷ್ಟೋ ಜನ ಅದನ್ನೂ ಬೇಕೆಂದಾಗ ಎತ್ತಬಲ್ಲರು, ನಟರಿಗೆ ಅದೇ ಕಸುಬು. ಉಳಿದವರಿಗೆ ‘ಸ್ಮೈಲ್ ಪ್ಲೀಸ್’ ಅಂದರೆ ತುಟಿ ಬರುತ್ತದೆ, ಕಣ್ಣು ಮನೆಯಲ್ಲೇ ಉಳಿಯುತ್ತದೆ.

ಆಯ್ಕೆಯ ಜಗಳ

ಆರು ಫ್ರೇಮುಗಳನ್ನು ಸಣ್ಣ ಪ್ರಿಂಟು ಹಾಕಿ, ಒಬ್ಬರದು ಒಬ್ಬರಿಗೆ ಗೊತ್ತಾಗದಂತೆ ಮೂರು ಕಡೆ ಕಳಿಸಿದೆ. ಮಗಳು 88 ಎಂದಳು. ಅಕ್ಕೋರು ನೀರು ನೋಡುತ್ತ ಕೂತದ್ದನ್ನು ಆರಿಸಿದರು, ಅದರಲ್ಲಿ ಅವರ ಮುಖ ಅರ್ಧವೇ ಕಾಣುತ್ತದೆ ಎಂಬುದನ್ನು ಗಮನಿಸಬೇಕು. ಸಮಿತಿಯವರು ಆರನ್ನೂ ಒಪ್ಪಲಿಲ್ಲ. ಫ್ಲೆಕ್ಸಿಗೆ ನೇರ ನೋಡುವ ಮುಖ ಬೇಕು, ರೇಷ್ಮೆ ಸೀರೆ ಯಾಕಿಲ್ಲ, ಹಾರ ಹಾಕಿದ ಹಾಗೆ ಮಾಡಬಹುದಾ, ಇತ್ಯಾದಿ. ನಾನು ರೇಗಿದೆ. ಕೊನೆಗೆ 91ನೇ ಫ್ರೇಮಿಗೆ ರಾಜಿಯಾಯಿತು. 88ರ ನೋಟ ಮುಖದಿಂದ ಪೂರ್ತಿ ಇಳಿಯುವ ಮೊದಲು ಕ್ಯಾಮೆರಾ ಕಡೆ ನೇರ ತಿರುಗಿದ್ದು ಅದು. ಕಟ್ಟು ಹಾಕಿಸುವ ಫೋಟೋಕ್ಕೆ ಮಾತ್ರ 88 ಎಂದು ಹಟ ಹಿಡಿದೆ. ನಗದೇ ಇರುವ ಫೋಟೋ ಯಾಕೆ ಎಂದು ಕೇಳಿದವರು, ಪ್ರಿಂಟು 16×20 ಆಗಿ ಎದುರು ಬಂದಾಗ ಏನೂ ಮಾತಾಡದೆ ಅಂಗಿಯ ಗುಂಡಿ ಸರಿಮಾಡಿಕೊಂಡರು.

ಫ್ಲೆಕ್ಸಿನ ಕತೆ ಬೇರೆಯಾಯಿತು. ಮುಖದ ಬಣ್ಣ ಮುಟ್ಟಬೇಡಿ ಎಂದು ಫೈಲಿನ ಜೊತೆ ಬರೆದು ಕಳಿಸಿದ್ದೆ. ಭಾನುವಾರ ಬೆಳಿಗ್ಗೆ ವೇದಿಕೆಯ ಹಿಂದೆ ಹನ್ನೆರಡು ಅಡಿ ಅಗಲಕ್ಕೆ ಬಿಚ್ಚಿದಾಗ, ಅಕ್ಕೋರು ಹಾಲಿನಲ್ಲಿ ಅದ್ದಿ ತೆಗೆದಂತಿದ್ದರು. ಮಚ್ಚೆಯೂ ಇಲ್ಲ. ಫೋನು ಮಾಡಿದರೆ, “ಫೇರ್ ಮಾಡಿದ್ದಕ್ಕೆ ಚಾರ್ಜ್ ಹಾಕಿಲ್ಲ ಸರ್” ಎಂಬ ಸಮಾಧಾನ. ಬಣ್ಣದ ಫೋಟೋದಲ್ಲಿ ಈ ರೋಗ ಹಳೆಯದು. ಕೊಡಾಕ್ ಕಂಪನಿ ದಶಕಗಳ ಕಾಲ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಆ ಅಳತೆಗೆ ಹೊಂದಿಸಿದ ಲ್ಯಾಬಿನಲ್ಲಿ ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣಗಳು ಮಸಿ ಹಿಡಿದ ಹಾಗೆ ಬರುತ್ತಿದ್ದವು. ‘ಫೋಟೋದಲ್ಲಿ ನಾನು ಕಪ್ಪು’ ಎಂಬ ನಮ್ಮ ಅರ್ಧ ಸಂಕೋಚ ಅಲ್ಲಿಂದ ಬಂದದ್ದು. ಈಗಿನ ಕ್ಯಾಮೆರಾ ಹಾಗಿಲ್ಲ. ಒಂದು ಚೂರು ಎಕ್ಸ್‌ಪೋಶರ್ ನೋಡಿಕೊಂಡರೆ ಯಾವ ಬಣ್ಣವೂ ಚೆಂದ ಬರುತ್ತದೆ. ನಾವು ಮಾತ್ರ ಮುಖ ತೊಳೆಯುವುದು ಬಿಟ್ಟಿಲ್ಲ.

ಅಕ್ಕೋರು ವೇದಿಕೆ ಹತ್ತುವಾಗ ಒಮ್ಮೆ ಮೇಲೆ ನೋಡಿ, ನನ್ನನ್ನು ಹುಡುಕಿ, “ಇದು ಯಾರು ತಮಾ?” ಎಂದು ಕಣ್ಣಲ್ಲೇ ಕೇಳಿದರು. ಈ ಸಲ ನಗುತ್ತಿದ್ದರು.

ಆಗಸ್ಟಿನಲ್ಲಿ ಒಂದು ದಿನ ಮತ್ತೆ ಅಂಗಡಿಗೆ ಬಂದರು. ಮಗ ಅಮೆರಿಕದಲ್ಲಿದ್ದಾನೆ, ವೀಸಾ ಅರ್ಜಿಗೆ ಫೋಟೋ ಬೇಕು. ಎರಡು ಇಂಚು ಚೌಕ, ಬಿಳಿ ಹಿನ್ನೆಲೆ, ಮುಖ ನೇರ, ಭಾವ ಇರಬಾರದು. 2016ರ ನವೆಂಬರಿನಿಂದ ಅವರ ನಿಯಮದಲ್ಲಿ ಕನ್ನಡಕವೂ ಇಲ್ಲ. ಅದೇ ಸ್ಟೂಲಿನ ಮೇಲೆ ಕೂತರು. ಕೂತವರೇ ಉಸಿರು ಹೊರಬಿಟ್ಟು, ಭುಜ ಇಳಿಸಿ, “ಹಾಜರಿ ಕರೀಲಾ?” ಅಂದರು.

“ಇದಕ್ಕೆ ನಗಬಾರದು ಅಕ್ಕೋರೆ. ಕನ್ನಡಕ ತೆಗೀರಿ. ನೆಟ್ಟಗೆ ಕೂತುಕೊಳ್ಳಿ.”

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಗಂಭೀರವಾಗಲು ನೋಡಿದರು. ತುಟಿ ಬಿಗಿಯಾಯಿತು, ಕಣ್ಣು ಒಪ್ಪಲಿಲ್ಲ. ಹೊರಗೆ ಸಾಲಿನಲ್ಲಿದ್ದವರು ಇಣುಕಿ ನೋಡತೊಡಗಿದರು. ಅಂತೂ ಹದಿನೆಂಟನೇ ಫ್ರೇಮಿಗೆ ಅಮೆರಿಕ ಒಪ್ಪುವಂಥ ಮುಖ ಸಿಕ್ಕಿತು.